ಫಿಸಿಕ್ಸ್ ಡಿಗ್ರಿಯ ಲೆಕ್ಕ ಮತ್ತು ಅಕ್ಕನ ಬಳೆ

ಕಳೆದ ಜೂನ್ ತಿಂಗಳ ಒಂದು ಶುಕ್ರವಾರ ರಾತ್ರಿ ಪುಣೆಯ ವಾಕಡ್ ಸೇತುವೆಯ ಕೆಳಗೆ ಬಸ್ಸಿಗಾಗಿ ನಿಂತಿದ್ದೆ. ಹಿಂಜವಡಿಯಿಂದ ಅಲ್ಲಿಗೆ ಬರುವುದಕ್ಕೇ ಒಂದೂವರೆ ಗಂಟೆ ಹಿಡಿದಿತ್ತು. ಹಬ್ಬ ಇರಲಿಲ್ಲ, ಮದುವೆಯೂ ಇರಲಿಲ್ಲ. ಆದರೂ ಊರಿಗೆ ಹೊರಟಿದ್ದೆ. ಕಾರಣ, ರಾಣೆಬೆನ್ನೂರಿನಿಂದ ಅದೇ ವಾರ ಬಂದಿದ್ದ ಎರಡು ಫೋನ್ ಕರೆಗಳು.

ಮೊದಲನೆಯದು ಅಕ್ಕನ ಮಗಳದು. 'ಮಾಮಾ, ನನಗ ಇಂಜಿನಿಯರಿಂಗ್ ಬ್ಯಾಡ. ಬಿ.ಎಸ್ಸಿ. ಫಿಸಿಕ್ಸ್ ಓದತೇನಿ. ಅಪ್ಪಗ ನೀವ ಹೇಳ್ರಿ.'

ಎರಡನೆಯದು ಭಾವನದು. 'ನೀ ಫಿಸಿಕ್ಸ್ ಓದಿ ಬರೋಬ್ಬರಿ ಆದಿ, ಖರೆ. ಎಲ್ಲಾರೂ ನಿನ್ನಂಗ ಆಗತಾರೇನು? ಸೀಟು ಮಾತಾಡೇನಿ, ಬ್ಯಾಂಕಿನ್ಯಾಗ ಸಾಲಾನೂ ಕೇಳೇನಿ. ಹುಡುಗಿಗೆ ನೀನ ಬುದ್ಧಿ ಹೇಳು.'

ಇಬ್ಬರೂ ನನ್ನನ್ನೇ ಸಾಕ್ಷಿಯಾಗಿ ಕರೆದಿದ್ದರು. ಹುಡುಗಿಯ ಪ್ರಕಾರ ಫಿಸಿಕ್ಸ್ ಓದಿದರೂ ಜೀವನ ನಡೆಯುತ್ತದೆ ಎನ್ನುವುದಕ್ಕೆ ನಾನೇ ಪುರಾವೆ. ಭಾವನ ಪ್ರಕಾರ ನಾನೊಂದು ಅಪವಾದ, ಅಷ್ಟೇ. ಬಸ್ಸಿನಲ್ಲಿ ಕೊಲ್ಹಾಪುರ ದಾಟುವವರೆಗೆ ನಿದ್ದೆ ಬರಲಿಲ್ಲ. ಭಾವ ಹೇಳಿದ್ದೇ ಸರಿ ಇರಬಹುದು ಎಂಬ ಅನುಮಾನ ನನಗೂ ಇತ್ತು.

ಈ ಆಸೆ ಹುಟ್ಟಿದ್ದರಲ್ಲಿ ನನ್ನ ಪಾಲೂ ಇದೆ. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಪುಣೆಗೆ ಬಂದಿದ್ದಳು. ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ತೋರಿಸಲು ಕರೆದುಕೊಂಡು ಹೋಗಿದ್ದೆ. ಒಂದೊಂದೂ 45 ಮೀಟರ್ ಅಗಲದ 30 ಆಂಟೆನಾಗಳು ಅಲ್ಲಿವೆ. ಹೊಲಗಳ ನಡುವೆ ಎದ್ದು ನಿಂತ ಆ ಬಟ್ಟಲುಗಳನ್ನು ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ: 'ಇವು ಕೇಳಿಸಿಕೊಳ್ಳೋದು ಹೊರಟು ಎಷ್ಟು ವರ್ಷ ಆಗಿರತೈತಿ?' ಅವತ್ತೇ ನನಗೆ ಸಂಶಯ ಬಂದಿತ್ತು, ಈ ಹುಡುಗಿ ದಾರಿ ತಪ್ಪುತ್ತಾಳೆ ಎಂದು. ನಾನೂ ಹಾಗೆಯೇ ತಪ್ಪಿದವನು.

ನನ್ನ ದಾರಿ, ನನ್ನ ಗೆಳೆಯರ ದಾರಿ

ನಾನು 2007ರಲ್ಲಿ ಪಿಯುಸಿ ಮುಗಿಸಿ ಬಿ.ಎಸ್ಸಿ. ಪಿಸಿಎಂ ಸೇರಿದೆ. 2012ಕ್ಕೆ ಫಿಸಿಕ್ಸ್ ಎಂ.ಎಸ್ಸಿ. ಆಯಿತು. ಒಂದು ವರ್ಷ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡಿದೆ. ತಿಂಗಳಿಗೆ ಹತ್ತು ಸಾವಿರಕ್ಕಿಂತ ಕಡಿಮೆ, ಅದೂ ಪ್ರತಿ ತಿಂಗಳು ಕೈಗೆ ಬರುತ್ತಿರಲಿಲ್ಲ. ರಾತ್ರಿ ಕೂತು ಗೇಟ್ ಪರೀಕ್ಷೆಗೆ ಓದಿದೆ. ಫಿಸಿಕ್ಸ್ ಪತ್ರಿಕೆಯಲ್ಲಿ ಬಂದ ಅಂಕದ ಮೇಲೆ ಕಂಪ್ಯೂಟರ್ ಮಾಡೆಲಿಂಗ್‌ಗೆ ಸಂಬಂಧಿಸಿದ ಎಂ.ಟೆಕ್. ಸೀಟು ಸಿಕ್ಕಿತು. ಆಗ ಗೇಟ್ ವಿದ್ಯಾರ್ಥಿವೇತನ ತಿಂಗಳಿಗೆ 8,000 ರೂಪಾಯಿ, ಈಗ 12,400. ನನಗೆ ಮೊದಲ ಕಾಯಂ ಸಂಬಳ ಬಂದಾಗ ವಯಸ್ಸು 26.

ಇವತ್ತು ನಾನು ಮಾಡುವ ಕೆಲಸ ಕಾರುಗಳ ರೇಡಾರ್ ಸಂವೇದಕಕ್ಕೆ ಸಾಫ್ಟ್‌ವೇರ್ ಬರೆಯುವುದು. ಈ ರೇಡಾರ್‌ಗಳು 77 ಗಿಗಾಹರ್ಟ್ಜ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಅಲೆಯ ಉದ್ದ ನಾಲ್ಕು ಮಿಲಿಮೀಟರಿಗಿಂತ ತುಸು ಕಡಿಮೆ. ಮುಂದಿನ ವಾಹನ ಸೆಕೆಂಡಿಗೆ ಒಂದು ಮೀಟರಿನಷ್ಟು ಹತ್ತಿರವಾದರೆ ಮರಳಿ ಬರುವ ಅಲೆಯ ಆವರ್ತನದಲ್ಲಿ ಸುಮಾರು 513 ಹರ್ಟ್ಜ್ ವ್ಯತ್ಯಾಸವಾಗುತ್ತದೆ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ರೈಲಿನ ಸೀಟಿಯ ಉದಾಹರಣೆ ಕೊಟ್ಟು ಗುರುಗಳು ಕಲಿಸಿದ ಡಾಪ್ಲರ್ ಪರಿಣಾಮವೇ ಇದು. ಹಾಗಾಗಿ ಫಿಸಿಕ್ಸ್ ನನಗೆ ಅನ್ನ ಕೊಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ.

ಆದರೆ ನಾನೊಬ್ಬನೇ ಲೆಕ್ಕವಲ್ಲವಲ್ಲ. ಬಸ್ಸಿನಲ್ಲಿ ಕೂತು ನಮ್ಮ ಎಂ.ಎಸ್ಸಿ. ತರಗತಿಯ ವಾಟ್ಸ್‌ಆ್ಯಪ್ ಗುಂಪು ತೆರೆದೆ. ನಾವು 24 ಜನ. ಒಬ್ಬೊಬ್ಬರ ಹೆಸರಿನ ಮುಂದೆ ಈಗಿನ ಕೆಲಸ ಬರೆಯುತ್ತಾ ಹೋದೆ. ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಪಾಠ ಮಾಡುವವರು ಒಂಬತ್ತು ಮಂದಿ. ಅವರಲ್ಲಿ ಐವರದು ಸರಕಾರಿ ನೌಕರಿ, ನಾಲ್ವರದು ಖಾಸಗಿ. ಬ್ಯಾಂಕು ಮತ್ತು ಸರಕಾರಿ ಕಚೇರಿಗಳಲ್ಲಿ ನಾಲ್ವರು. ಸಾಫ್ಟ್‌ವೇರಿನಲ್ಲಿ ನನ್ನನ್ನೂ ಸೇರಿಸಿ ನಾಲ್ವರು. ಪಿಎಚ್.ಡಿ. ಮಾಡಿ ಸಂಶೋಧನೆಯಲ್ಲಿ ಉಳಿದವರು ಮೂವರು. ಇಬ್ಬರು ತೋಟ, ಅಂಗಡಿ ನೋಡಿಕೊಳ್ಳುತ್ತಾರೆ. ಇನ್ನಿಬ್ಬರು ಗೆಳತಿಯರು ಮದುವೆಯ ನಂತರ ಕೆಲಸಕ್ಕೆ ಹೋಗಲಿಲ್ಲ.

ಯಾರೂ ಬೀದಿಗೆ ಬಿದ್ದಿಲ್ಲ. ಆದರೆ ಬಹುತೇಕರಿಗೆ ನೆಲೆ ಸಿಕ್ಕಿದ್ದು 26, 27, 28ನೇ ವಯಸ್ಸಿನಲ್ಲಿ. ನಮ್ಮ ಜೊತೆ ಪಿಯುಸಿ ಓದಿ ಇಂಜಿನಿಯರಿಂಗ್‌ಗೆ ಹೋದವರು 22ಕ್ಕೇ ಸಂಬಳ ಎಣಿಸುತ್ತಿದ್ದರು. ನಡುವೆ ನಾಲ್ಕೈದು ವರ್ಷಗಳ ಅಂತರ. ವರ್ಷಕ್ಕೆ ಮೂರೂವರೆ ಲಕ್ಷ ಎಂದು ಹಿಡಿದರೂ ಅದು ಹದಿನೈದು ಲಕ್ಷದಾಚೆಗೆ ಹೋಗುತ್ತದೆ. ಫಿಸಿಕ್ಸ್ ಪದವಿಯ ನಿಜವಾದ ಬೆಲೆ ಕಾಲೇಜಿನ ಶುಲ್ಕದಲ್ಲಿಲ್ಲ, ಈ ಕಾಯುವ ವರ್ಷಗಳಲ್ಲಿದೆ.

ಇನ್ನೊಂದು ವಿಷಯವೂ ಆ ಪಟ್ಟಿಯಲ್ಲಿ ಕಣ್ಣಿಗೆ ಬಿತ್ತು. ಇಪ್ಪತ್ತನಾಲ್ಕು ಜನರಲ್ಲಿ ಒಬ್ಬರ ಹೆಸರಿನಲ್ಲೂ ಶಿಕ್ಷಣ ಸಾಲ ಇರಲಿಲ್ಲ. ಹಾಗಾಗಿಯೇ ಕಾಯಲು ಸಾಧ್ಯವಾಯಿತು. ತಿಂಗಳ ಐದನೇ ತಾರೀಖಿಗೆ ಬ್ಯಾಂಕಿನ ಮೆಸೇಜು ಬರುತ್ತಿದ್ದರೆ ನಾನು ಅತಿಥಿ ಉಪನ್ಯಾಸಕನಾಗಿ ಗೇಟ್‌ಗೆ ಓದುತ್ತಾ ಕೂರಲು ಆಗುತ್ತಿತ್ತೇ?

ಅಡುಗೆಮನೆ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್

ಶನಿವಾರ ಬೆಳಿಗ್ಗೆ ಭಾವ ಬೀಜ-ಗೊಬ್ಬರದ ಅಂಗಡಿಗೆ ಹೋಗುವ ಮೊದಲೇ ಲ್ಯಾಪ್‌ಟಾಪ್ ತೆರೆದು ಕುಳಿತೆ. ಎಡಕ್ಕೆ ಭಾವ, ಬಲಕ್ಕೆ ಹುಡುಗಿ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಉಪದೇಶ ಬೇಡ, ಅಂಕಿ ಬರೆಯೋಣ ಎಂದೆ.

ಮೊದಲ ಕಂಬ: ಭಾವ ಮಾತಾಡಿದ್ದ ಇಂಜಿನಿಯರಿಂಗ್ ಸೀಟು. ನಾಲ್ಕು ವರ್ಷಕ್ಕೆ ಬೇಕಾದ ಸಾಲ ಹತ್ತು ಲಕ್ಷ, ವರ್ಷಕ್ಕೆ ಎರಡೂವರೆ ಲಕ್ಷದಂತೆ. ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುತ್ತದೆ. ಅದಕ್ಕೆ ಭಾವ ಮನೆ ಪಕ್ಕದ ನಿವೇಶನದ ಕಾಗದ ತೆಗೆದಿಟ್ಟಿದ್ದ. ಬಡ್ಡಿ ಶೇ 10 ಎಂದು ಹಿಡಿದೆವು. ಓದುವ ನಾಲ್ಕು ವರ್ಷ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಮಲಗುವುದಿಲ್ಲ. ಮೊದಲ ವರ್ಷ ಪಡೆದ ಹಣಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಹೀಗೆ ಕೂಡಿಸಿದರೆ ಸರಳಬಡ್ಡಿಯೇ ಮೂರೂವರೆ ಲಕ್ಷ. ಕಂತು ಶುರುವಾಗುವ ದಿನ ಸಾಲ ಹದಿಮೂರೂವರೆ ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 17,840 ರೂಪಾಯಿ. ಒಟ್ಟು ಕಟ್ಟುವುದು 21 ಲಕ್ಷಕ್ಕಿಂತ ಹೆಚ್ಚು.

ಭಾವ ಕನ್ನಡಕ ತೆಗೆದು ಒರೆಸಿಕೊಂಡ. 'ಹತ್ತು ಲಕ್ಷ ಅಂದಿದ್ರಲ್ಲೋ?' ಎಂದ.

ಎರಡನೇ ಕಂಬ ಹುಡುಗಿಯದು. ಅವಳ ಕಣ್ಣು ಇದ್ದದ್ದು ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯ ಫಿಸಿಕ್ಸ್ ಆನರ್ಸ್ ಮೇಲೆ. ಹೊಳಪಿನ ಕಿರುಹೊತ್ತಿಗೆ, ಹಸಿರು ಹುಲ್ಲುಹಾಸು, ಗಾಜಿನ ಪ್ರಯೋಗಾಲಯ. ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡು ಲಕ್ಷ, ಮೂರು ವರ್ಷಕ್ಕೆ ಆರು. ಅದೇ ಲೆಕ್ಕದಲ್ಲಿ ಕಂತು ಶುರುವಾಗುವಾಗ ಸಾಲ ಏಳು ಲಕ್ಷ ಎಂಬತ್ತು ಸಾವಿರ. ಹತ್ತು ವರ್ಷ ತಿಂಗಳಿಗೆ 10,300 ರೂಪಾಯಿ ಚಿಲ್ಲರೆ.

'ಇಂಜಿನಿಯರಿಂಗ್‌ಗಿಂತ ಕಡಿಮೀನ ಐತಲ್ಲ' ಎಂದಳು.

'ಕಡಿಮಿ ಐತಿ. ಆದ್ರ ಕಂತು ಯಾವಾಗ ಶುರುವಾಗತೈತಿ ನೋಡು' ಎಂದೆ.

ಬಿ.ಎಸ್ಸಿ. ಮುಗಿದ ಒಂದು ವರ್ಷಕ್ಕೆ ಗಡಿಯಾರ ಬಾರಿಸುತ್ತದೆ. ಆಗ ಅವಳು ಎಂ.ಎಸ್ಸಿ. ಎರಡನೇ ವರ್ಷದಲ್ಲಿ ಇರಬೇಕು. ಫಿಸಿಕ್ಸ್‌ನಲ್ಲಿ ಮೂರು ವರ್ಷದ ಪದವಿ ನಿಲ್ದಾಣವಲ್ಲ, ನಡುವಿನ ಜಂಕ್ಷನ್. ಅಲ್ಲಿ ಇಳಿದರೆ ಸಿಗುವ ಕೆಲಸದ ಸಂಬಳದಲ್ಲಿ ಹತ್ತು ಸಾವಿರ ಕಂತು ಕಟ್ಟಿ ಹುಬ್ಬಳ್ಳಿಯಲ್ಲಿ ಕೂಡ ಬದುಕುವುದು ಕಷ್ಟ. ಮುಂದಿನ ಓದಿಗೆ ಬ್ಯಾಂಕಿನಲ್ಲಿ ಅವಧಿ ವಿಸ್ತರಣೆ ಕೇಳಬಹುದು. ಕೊಟ್ಟರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಇಂಜಿನಿಯರಿಂಗ್ ಸಾಲ ದೊಡ್ಡದು, ಆದರೆ ಓದು ಮುಗಿದ ಮೇಲೆ ಬರುತ್ತದೆ. ಬಿ.ಎಸ್ಸಿ. ಸಾಲ ಚಿಕ್ಕದು, ಆದರೆ ಓದಿನ ನಡುವೆಯೇ ಬಾಗಿಲು ಬಡಿಯುತ್ತದೆ. ಹೋಲಿಸಬೇಕಾದ್ದು ಮೊತ್ತವನ್ನಲ್ಲ, ಅದು ಬರುವ ಹೊತ್ತನ್ನು.

ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಬಗ್ಗೆಯೂ ಅವಳು ಓದಿಕೊಂಡಿದ್ದಳು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಅದು. ವರ್ಷದ ಆದಾಯ ಎಂಟು ಲಕ್ಷದವರೆಗಿನ ಕುಟುಂಬಗಳಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ ಶೇ 3 ಬಡ್ಡಿ ರಿಯಾಯಿತಿ. ಆದರೆ ಅದು ಆಯ್ದ ಗುಣಮಟ್ಟದ ಸಂಸ್ಥೆಗಳಿಗೆ ಮಾತ್ರ. ಸಂಸ್ಥೆಯ ಹೆಸರು ಪಟ್ಟಿಯಲ್ಲಿದೆಯೇ ಎಂದು ಪ್ರವೇಶಕ್ಕೆ ಮೊದಲೇ ನೋಡಬೇಕು. ನಮ್ಮ ಎರಡೂ ಕಂಬಗಳ ಸಂಸ್ಥೆಗಳು ಅದರಲ್ಲಿ ಸಿಗಲಿಲ್ಲ. ಆದಾಯ ತೆರಿಗೆಯ 80ಇ ಕಲಂ ಅಡಿ ಎಂಟು ವರ್ಷ ಬಡ್ಡಿಗೆ ವಿನಾಯಿತಿ ಇದೆ ಎಂದು ಭಾವ ನೆನಪಿಸಿದ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ, ಅದೂ ತೆರಿಗೆ ಕಟ್ಟುವಷ್ಟು ಸಂಬಳ ಬಂದಮೇಲೆ.

ಮೂರನೇ ಕಂಬ ನಾನು ಸೇರಿಸಿದೆ. ಧಾರವಾಡದ ಒಂದು ಹಳೆಯ ಕಾಲೇಜು. ಹುಲ್ಲುಹಾಸು ಇಲ್ಲ, ಗೋಡೆಯ ಮೇಲೆ ಪಾಚಿ ಇದೆ. ಶುಲ್ಕ, ವಿದ್ಯಾರ್ಥಿನಿಲಯ, ಊಟ, ಪುಸ್ತಕ ಎಲ್ಲ ಸೇರಿ ಮೂರು ವರ್ಷಕ್ಕೆ ಒಂದೂವರೆ-ಎರಡು ಲಕ್ಷದಲ್ಲಿ ಮುಗಿಯುತ್ತದೆ. ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿದಿರುವುದರಿಂದ ಒಂದು ವರ್ಷದ ಖರ್ಚೂ ಉಳಿಯಿತು. ಸಾಲ ಸೊನ್ನೆ.

ದುಡ್ಡು ಕೊಡುವ ಓದೂ ಇದೆ

ಮೂರನೇ ಕಂಬದ ಕೆಳಗೆ ಬರುವ ಹಣದ ಸಾಲುಗಳನ್ನೂ ಬರೆದೆವು. ಊರಿನಲ್ಲಿ ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಮಂಡಳಿ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ಕೈಗೆ, 20,000 ಬೇಸಿಗೆಯ ಸಂಶೋಧನಾ ಕೆಲಸಕ್ಕೆ. ಬಂದರೆ ಸಂತೋಷ. ಬರುವ ತನಕ ಮನೆಯ ಬಜೆಟ್ಟಿನಲ್ಲಿ ಬರೆಯಬಾರದು. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಹತೆ ಇದ್ದವರು ಪ್ರತಿ ವರ್ಷ ಅರ್ಜಿ ಹಾಕಬೇಕು.

ಬಿ.ಎಸ್ಸಿ. ನಂತರ ಜಾಮ್ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಬಹುದು. ಎಂ.ಎಸ್ಸಿ. ನಂತರ ಗೇಟ್ ಮೂಲಕ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400. ನೆಟ್ ಬರೆದು ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000, ಎರಡು ವರ್ಷದ ನಂತರ 42,000. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆ 1957ರಿಂದ ಇದೆ. ಇಂಜಿನಿಯರುಗಳ ಜೊತೆಗೆ ಫಿಸಿಕ್ಸ್ ಎಂ.ಎಸ್ಸಿ.ಯವರನ್ನೂ ವೇತನ ಕೊಟ್ಟೇ ತೆಗೆದುಕೊಳ್ಳುತ್ತದೆ. ಅಂದರೆ ಫಿಸಿಕ್ಸ್‌ನಲ್ಲಿ ಮೊದಲ ಐದು ವರ್ಷ ದಾಟಿದರೆ ಮುಂದಿನ ಓದಿಗೆ ನಾವು ಕೊಡುವುದಲ್ಲ, ನಮಗೇ ಕೊಡುತ್ತಾರೆ. ಆ ಐದು ವರ್ಷವನ್ನು ಸಾಲವಿಲ್ಲದೆ ದಾಟುವುದೇ ಕೆಲಸ.

ದಾಟಲಾಗದಿದ್ದರೆ? ಭಾವ ಕೇಳಬೇಕಾದ್ದನ್ನೇ ಕೇಳಿದ. ಜಂಕ್ಷನ್‌ನಲ್ಲಿ ಇಳಿಯುವ ದಾರಿಗಳನ್ನೂ ಬರೆದೆ. ಬಿ.ಎಡ್. ಮಾಡಿ ಟಿಇಟಿ ಬರೆದು ಶಾಲೆಗೆ ಹೋಗುವುದು. ಗಣಿತ ಓದಿರುವುದರಿಂದ ಎಂಸಿಎ ಸೇರುವುದು. ಬ್ಯಾಂಕ್ ಮತ್ತು ಎಸ್‌ಎಸ್‌ಸಿ ಪರೀಕ್ಷೆಗಳು. ವಿಪ್ರೊದಂಥ ಕಂಪನಿಗಳು ಬಿ.ಎಸ್ಸಿ.ಯವರನ್ನು ಕೆಲಸಕ್ಕೆ ತೆಗೆದುಕೊಂಡು ಜೊತೆಗೇ ಎಂ.ಟೆಕ್. ಓದಿಸುವ ಯೋಜನೆಗಳು. ಯಾವುದೂ ಹೊಳೆಯುವಂಥದ್ದಲ್ಲ, ಯಾವುದೂ ಖಾತ್ರಿಯೂ ಅಲ್ಲ.

ಸರ್ ಸಿ.ವಿ. ರಾಮನ್ ಕಥೆಯನ್ನು ಹುಡುಗಿ ಎತ್ತಿದಳು. ನಾನು ಪೂರ್ತಿ ಹೇಳಿದೆ. ರಾಮನ್ 1907ರಲ್ಲಿ ಸೇರಿದ್ದು ಸರಕಾರದ ಹಣಕಾಸು ಇಲಾಖೆಗೆ. ಹತ್ತು ವರ್ಷ ಹಗಲು ಲೆಕ್ಕಪತ್ರ ನೋಡಿ, ಕಚೇರಿಯ ಹೊತ್ತಿನ ಆಚೀಚೆ ಕಲ್ಕತ್ತೆಯ ಪ್ರಯೋಗಾಲಯದಲ್ಲಿ ದುಡಿದರು. 1917ರಲ್ಲಿ ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕ ಹುದ್ದೆ ಒಪ್ಪಿಕೊಂಡರು. ತ್ಯಾಗದ ಭಾಗವನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲಿನ ಹತ್ತು ವರ್ಷದ ಸಂಬಳದ ಭಾಗವನ್ನು ಮರೆಯುತ್ತಾರೆ.

ನಾಲ್ಕನೇ ಕಂಬ

'ಮಾಮಾ, ನಿಮ್ಮ ಓದಿಗೆ ಎಷ್ಟ ಖರ್ಚಾತು? ಅದನ್ನೂ ಒಂದು ಕಂಬ ಹಾಕ್ರಿ' ಎಂದಳು.

ಹಾಕಿದೆ. ಬಿ.ಎಸ್ಸಿ. ಶುಲ್ಕ, ಬಸ್ ಪಾಸು, ಎಂ.ಎಸ್ಸಿ. ಹಾಸ್ಟೆಲ್, ಪರೀಕ್ಷಾ ಶುಲ್ಕ. ಸಾಲದ ಸಾಲಿನಲ್ಲಿ ಸೊನ್ನೆ ಬರೆದೆ. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಮಾತೇ ಅದು: ಒಂದು ಪೈಸೆ ಸಾಲ ಮಾಡದೆ ಓದಿದ ಹುಡುಗ. ನಾನೂ ಆಫೀಸಿನಲ್ಲಿ ಎಷ್ಟೋ ಸಲ ಹಾಗೆಯೇ ಹೇಳಿಕೊಂಡಿದ್ದೇನೆ.

ಬೆರಳು ಅಲ್ಲೇ ನಿಂತಿತು. ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದ ಅಕ್ಕ ಈ ಕಡೆ ನೋಡಲಿಲ್ಲ.

2010ರಲ್ಲಿ ಎಂ.ಎಸ್ಸಿ. ಪ್ರವೇಶಕ್ಕೆ, ಹಾಸ್ಟೆಲ್ಲಿಗೆ 28,000 ರೂಪಾಯಿ ಬೇಕಿತ್ತು. ಆ ವರ್ಷ ಅಪ್ಪನ ಕೈಯಲ್ಲಿ ಏನೂ ಇರಲಿಲ್ಲ. ಅಕ್ಕ ನಾಲ್ಕು ಬಳೆ ಒತ್ತೆ ಇಟ್ಟು ಹಣ ತಂದುಕೊಟ್ಟಳು. ಭಾವನಿಗೆ ಹೇಳಿರಲಿಲ್ಲ. ನಾನು ಬಳೆ ಬಿಡಿಸಿಕೊಟ್ಟದ್ದು 2016ರಲ್ಲಿ, ಕೆಲಸಕ್ಕೆ ಸೇರಿ ವರ್ಷವಾದ ಮೇಲೆ. ಅಸಲು ಕಟ್ಟಿದೆ, ಕೊನೆಯ ವರ್ಷದ ಬಡ್ಡಿಯನ್ನೂ ಕಟ್ಟಿದೆ. ನಡುವಿನ ಐದು ವರ್ಷ ಬಡ್ಡಿ ಕಟ್ಟಿ ಬಳೆ ಹರಾಜಾಗದಂತೆ ಉಳಿಸಿಕೊಂಡವಳು ಅಕ್ಕ. ಬ್ಲೌಸ್ ಹೊಲಿದು. ಎಷ್ಟು ಕಟ್ಟಿದಳು ಎಂದು ನಾನು ಯಾವತ್ತೂ ಕೇಳಿರಲಿಲ್ಲ.

ಸೊನ್ನೆ ಅಳಿಸಿ 28,000 ಎಂದು ಬರೆದೆ. ಭಾವನ ಎದುರಿಗೇ ಹೇಳಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನಗ ಆವಾಗಲೇ ಗೊತ್ತಿತ್ತು. ಖಾಲಿ ಕೈ ಕಾಣಂಗಿಲ್ಲೇನು?' ಎಂದ.

'ಬಡ್ಡಿ ಎಷ್ಟ ಆತವ್ವ?' ಹುಡುಗಿ ಕೇಳಿದಳು.

'ಯಾರು ಬರದ ಇಟ್ಟಾರ? ಬಳಿ ಬಂದ್ವಲ್ಲ, ಮುಗೀತು' ಎಂದಳು ಅಕ್ಕ.

ಆ ಒಂದು ಕೋಶವನ್ನು ಖಾಲಿ ಬಿಟ್ಟೆ. ಸಾಲವಿಲ್ಲದೆ ಓದಿದವರು ಎಂದು ನಾವು ಹೇಳಿಕೊಳ್ಳುವ ಬಹುಪಾಲು ಕಥೆಗಳಲ್ಲಿ ಇಂಥದೊಂದು ಖಾಲಿ ಕೋಶ ಇರುತ್ತದೆ ಎಂದು ನನಗೆ ಈಗ ಅನಿಸುತ್ತದೆ. ಬ್ಯಾಂಕಿನ ಸಾಲಕ್ಕಾದರೂ ಒಂದು ಪಾಸ್‌ಬುಕ್ ಇರುತ್ತದೆ.

ಏನು ತೀರ್ಮಾನವಾಯಿತು

ಎರಡು ದಿನ ಮಾತಾಡಿದೆವು. ನಿವೇಶನ ಅಡ ಇಡುವುದು ಬೇಡ ಎಂಬುದಕ್ಕೆ ಭಾವ ಒಪ್ಪಿದ. ಬೆಂಗಳೂರಿನ ಗಾಜಿನ ಪ್ರಯೋಗಾಲಯ ಬೇಡ ಎಂಬುದಕ್ಕೆ ಹುಡುಗಿ, ಒಂದು ದಿನ ಮುನಿಸಿಕೊಂಡು, ಒಪ್ಪಿದಳು. ಧಾರವಾಡ, ಫಿಸಿಕ್ಸ್, ಗಣಿತ. ಎರಡನೇ ವರ್ಷದಿಂದಲೇ ಜಾಮ್‌ಗೆ ತಯಾರಿ. ಜೊತೆಗೆ ಪೈಥಾನ್ ಕಲಿಕೆ, ಅದು ನನ್ನ ಹೊಣೆ, ವಾರಕ್ಕೊಮ್ಮೆ ಭಾನುವಾರ ವಿಡಿಯೊ ಕರೆಯಲ್ಲಿ. ಮೂರನೇ ವರ್ಷದ ಕೊನೆಗೆ ಒಳ್ಳೆಯ ಕಡೆ ಎಂ.ಎಸ್ಸಿ. ಸಿಗದಿದ್ದರೆ ಅವತ್ತೇ ಕೂತು ಬಿ.ಎಡ್. ಅಥವಾ ಎಂಸಿಎ ಎಂದು ನಿರ್ಧರಿಸುವುದು. ಎರಡು ವರ್ಷ ಸುಮ್ಮನೆ ಕಾಯುವಂತಿಲ್ಲ. ಇದನ್ನೆಲ್ಲ ಅವಳೇ ಕೈಯಾರೆ ಬರೆದು ಫ್ರಿಜ್ಜಿಗೆ ಅಂಟಿಸಿದಳು.

ಹಾಸ್ಟೆಲ್ ಖರ್ಚು ನಾನು ಕೊಡುತ್ತೇನೆ ಎಂದಾಗ ಅಕ್ಕ ಒಪ್ಪಲಿಲ್ಲ. ನಿನ್ನ ಮನೆ ಸಾಲದ ಕಂತೇ ಬೇಕಾದಷ್ಟಿದೆ ಎಂದಳು. ಇದು ಉಪಕಾರವಲ್ಲ, ಐದು ವರ್ಷದ ಬಡ್ಡಿ ಎಂದೆ. ಉತ್ತರ ಕೊಡದೆ ಬುತ್ತಿ ಕಟ್ಟಲು ಒಳಗೆ ಹೋದಳು. ಬೇಡ ಎಂದು ಮತ್ತೆ ಹೇಳಲಿಲ್ಲ.

ಫಿಸಿಕ್ಸ್ ಓದಲು ಹೊರಟ ಮಕ್ಕಳಿರುವ ಮನೆಯವರು ಹೊರನಾಡಿನ ನಮ್ಮಂಥವರಿಗೆ ಆಗಾಗ ಫೋನ್ ಮಾಡುತ್ತಾರೆ. ನಾನೀಗ ಹೇಳುವುದು ಇಷ್ಟೇ: ವಿಷಯ ಮಗು ಆರಿಸಲಿ, ಸಾಲದ ಲೆಕ್ಕ ದೊಡ್ಡವರು ಮಾಡಿ. ಪದವಿ ಮುಗಿಯುವ ವರ್ಷ ಅಲ್ಲ, ಮೊದಲ ಕಾಯಂ ಸಂಬಳ ಬರುವ ವರ್ಷ ಯಾವುದು ಎಂದು ಕೇಳಿಕೊಳ್ಳಿ. ಅಲ್ಲಿಯವರೆಗೆ ಕಂತಿಲ್ಲದೆ ಉಸಿರಾಡಬಹುದಾದರೆ ಫಿಸಿಕ್ಸ್ ಒಳ್ಳೆಯ ಓದು. ಆಗದಿದ್ದರೆ ಅಗ್ಗದ ಕಾಲೇಜು ಹುಡುಕಿ. ಅದೂ ಸಿಗದಿದ್ದರೆ ಮೊದಲು ಸಂಬಳ, ಆಮೇಲೆ ಫಿಸಿಕ್ಸ್. ರಾಮನ್ ಮಾಡಿದಂತೆ.

ಭಾವ ಇನ್ನೂ ಪೂರ್ತಿ ನೆಮ್ಮದಿಯಾಗಿಲ್ಲ. ಪ್ರತಿ ಫೋನಿನಲ್ಲೂ 'ಮುಂದ ಕೆಲಸ ಏನೋ?' ಎಂದು ಕೇಳುತ್ತಾನೆ. ಖಾತ್ರಿಯ ಉತ್ತರ ನನ್ನ ಹತ್ತಿರವೂ ಇಲ್ಲ.

ಕಳೆದ ತಿಂಗಳು ಹಿಂಜವಡಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾಗ ಧಾರವಾಡದಿಂದ ಮೆಸೇಜು ಬಂತು. ಬಾರ್ ಪೆಂಡುಲಮ್ ಪ್ರಯೋಗದ ಪುಟದ ಫೋಟೊ. ಕೆಳಗೆ, 'ಮಾಮಾ, ಜಿ ಬೆಲೆ 9.4 ಬಂತು. ತಿದ್ದಿ 9.8 ಅಂತ ಬರೀರಿ ಅಂತಾರ ಎಲ್ಲಾರೂ.'

ತಿದ್ದಬೇಡ, ಎಷ್ಟು ತಪ್ಪಿರಬಹುದು, ಯಾಕೆ ತಪ್ಪಿತು ಅಂತ ಕೆಳಗೆ ಬರಿ ಎಂದು ಉತ್ತರ ಕಳಿಸಿದೆ. ಹತ್ತು ನಿಮಿಷದ ನಂತರ ಎರಡು ಪುಟ ಬಂತು.